ಮೂರು ಕುದುರೆ ಹುಡುಕಲು ಹೋಗಿ

ಫ್ರೇಮ್ ಕೆಲಸಕ್ಕೆಂದು ಕುವೈತಿಗೆ ಹೊರಟ ನಮ್ಮ ಕಡೆಯ ಹುಡುಗರು ಈಗಲೂ ಆಗಾಗ ಕಾರ್ಕಳದ ನನ್ನ ಮನೆಗೆ ಬರುತ್ತಾರೆ. "ಸದಾನಂದಣ್ಣ, ಅಲ್ಲಿ ಕೆಲಸ ಹೇಗುಂಟು?" ಎಂದು ಕೇಳುತ್ತಾರೆ. ಸಂಬಳ ಎಷ್ಟು, ರೂಮಿನಲ್ಲಿ ಎಷ್ಟು ಜನ, ಇಕಾಮಾ ಎಂಬ ವಾಸದ ಪರವಾನಗಿ ಯಾರು ಮಾಡಿಸಿಕೊಡುತ್ತಾರೆ ಎಂಬುದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೆಲಸ ಹೇಗೆ ಎಂದರೆ ಮಾತ್ರ ನಾನು ತಡವರಿಸುತ್ತೇನೆ. ಮರ ಕೊಯ್ಯುವುದು, ಮೂಲೆ ಕೂಡಿಸುವುದು, ಗಾಜು ಹಾಕುವುದು, ಕೊಕ್ಕೆ ಹೊಡೆಯುವುದು. ಇಷ್ಟೇ ಆದರೆ ಅದನ್ನು ಇಲ್ಲೇ ಕಲಿಯಬಹುದು, ವಿಮಾನ ಹತ್ತಬೇಕಾಗಿಲ್ಲ.

ಹೆಲ್ಪರ್ ಆಗಿ ಹೋಗಿ ಫೋರ್‌ಮನ್ ಆಗಿ ವಾಪಸು ಬಂದೆ ಎಂಬುದು ಇಲ್ಲಿ ಮುಖ್ಯವಲ್ಲ. ಅದನ್ನು ನನ್ನ ಹೆಂಡತಿ ಮದುವೆ ಮನೆಗಳಲ್ಲಿ ಹೇಳುತ್ತಿರುತ್ತಾಳೆ, ಸಾಕು. ನಾನು ಬರೆಯುವುದು ಕುವೈತಿನ ಅಂಗಡಿಪೇಟೆಯಾದ ರಾಯ್‌ನ ನಮ್ಮ ವರ್ಕ್‌ಶಾಪಿನ ಬಗ್ಗೆ, ಅಲ್ಲಿನ ಯಜಮಾನರ ಬಗ್ಗೆ, ನಾವು ಮಾಡಿಕೊಂಡ ಎಡವಟ್ಟುಗಳ ಬಗ್ಗೆ, ಮತ್ತು ಒಬ್ಬ ಸೂರ್ಯದೇವನ ಬಗ್ಗೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹೋದಾಗ ರಾಯ್ ಎಂದರೆ ಸೋಫಾ, ಪರದೆ, ಟೈಲ್ಸ್‌ಗಳ ಶೋರೂಮುಗಳು. ಅವುಗಳ ಬೆನ್ನಿಗೆ ತಗಡಿನ ಮಾಡಿನ ವರ್ಕ್‌ಶಾಪುಗಳು. ನಮ್ಮದು ಚಿತ್ರಗಳಿಗೆ ಚೌಕಟ್ಟು ಕಟ್ಟುವ ಅಂಗಡಿ. ನಡೆಸುತ್ತಿದ್ದವರು ಲೆಬನಾನಿನ ನಬೀಲ್ ಎಂಬವರು. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಯೌವನದಲ್ಲಿ ರೋಮಿನಲ್ಲಿ ಎರಡು ವರ್ಷ ಹಳೆಯ ಚಿತ್ರಗಳ ದುರಸ್ತಿ ಕಲಿತಿದ್ದರು. ಆ ಎರಡು ವರ್ಷ ಅವರ ಬಾಯಲ್ಲಿ ಎಂದೂ ಮುಗಿಯಲಿಲ್ಲ. ಚಹಾ ಸರಿಯಿಲ್ಲದಿದ್ದರೆ ರೋಮ್, ಅಂಟು ಸರಿಯಿಲ್ಲದಿದ್ದರೆ ರೋಮ್, ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಆದರೂ ರೋಮ್.

ಮೊದಲ ದಿನ ನಾನು ಕೂಡಿಸಿದ ಮೂಲೆಯ ಮೇಲೆ ಅವರು ಹೆಬ್ಬೆರಳಿನ ಉಗುರು ಎಳೆದರು. ಉಗುರು ಎಲ್ಲೋ ಒಂದು ಕಡೆ ತಡೆಯಿತು. "ಬಿಚ್ಚು, ಮತ್ತೆ ಮಾಡು" ಎಂದರು. ಅಜ್ಜನ ಕಾಲದಿಂದ ಆಚಾರಿ ಕೆಲಸ ಮಾಡುವ ಮನೆಯವನು ನಾನು. ಸಿಟ್ಟು ನೆತ್ತಿಗೇರಿತು. ಆದರೂ ಬಿಚ್ಚಿದೆ, ಮಾಡಿದೆ, ಉಗುರು ಮತ್ತೆ ತಡೆಯಿತು. ಸಂಜೆಯ ಹೊತ್ತಿಗೆ ಉಗುರು ಜಾರಿಕೊಂಡು ಹೋಯಿತು. ಆಗ ಅವರು ಒಂದು ಕಿತ್ತಳೆ ಹಣ್ಣು ಕೊಟ್ಟು ಹೋದರು. ಹೊಗಳುವುದೆಂದರೆ ಅವರಿಗೆ ಅಷ್ಟೇ. ಕೆಲಸಕ್ಕೆ ಸೇರುವವರಿಗೆ ನನ್ನ ಮೊದಲ ಮಾತು ಇದೇ: ಮೂಲೆ ಕಣ್ಣಿಗೆ ಚೆಂದ ಕಂಡರೆ ಸಾಲದು, ಉಗುರಿಗೂ ಒಪ್ಪಬೇಕು.

ಪಕ್ಕದ ಮೇಜಿನಲ್ಲಿ ಹಮೀದಾಕ ಇದ್ದರು. ಉಳ್ಳಾಲದ ಬ್ಯಾರಿ, ನನಗಿಂತ ಹಿರಿಯರು, ಚಿನ್ನದ ರೇಕು ಹಚ್ಚುವುದರಲ್ಲಿ ಎತ್ತಿದ ಕೈ. ಉಸಿರು ತಾಗಿದರೆ ಹಾರಿಹೋಗುವ ರೇಕನ್ನು ಕುಂಚದ ತುದಿಯಲ್ಲಿ ಎತ್ತಿ ಮರದ ಮೇಲೆ ಮಲಗಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಸೀನುವಂತಿರಲಿಲ್ಲ. ನಮ್ಮಿಬ್ಬರ ಮಾತುಕತೆ ತುಳುವಿನಲ್ಲಿ. ಉಳಿದವರೊಂದಿಗೆ ಹಿಂದಿಯೋ ಅರಬಿಯೋ ಎರಡೂ ಸೇರಿದ್ದೋ ಏನೋ ಒಂದು.

ನನ್ನ ಮೊದಲ ದೊಡ್ಡ ಎಡವಟ್ಟಿನಲ್ಲಿ ನನ್ನನ್ನು ಬದುಕಿಸಿದ್ದೂ ಅವರೇ. ಒಂದು ಮದುವೆಗೆ ಎರಡೂ ಮನೆತನದ ಹೆಸರನ್ನು ಬಳ್ಳಿಯಂತೆ ಹೆಣೆದು ಬರೆದ ಅರಬಿ ಫಲಕಕ್ಕೆ ಫ್ರೇಮ್ ಹಾಕಬೇಕಿತ್ತು. ನನಗೆ ಅಕ್ಷರ ಬಾರದು. ಬಳ್ಳಿಯ ಬೇರು ಕೆಳಗಿರಬೇಕಲ್ಲ ಎಂಬ ಲೆಕ್ಕದಲ್ಲಿ ಕೊಕ್ಕೆ ಹೊಡೆದೆ. ಫಲಕ ಮದುವೆ ಮನೆ ಸೇರಿ ಗೋಡೆಯನ್ನೂ ಏರಿತು. ಬಂದವರೆಲ್ಲ ಕಾಗೆಯಂತೆ ಕತ್ತು ಓರೆ ಮಾಡಿ ನೋಡತೊಡಗಿದರಂತೆ. ಹಮೀದಾಕ ಟ್ಯಾಕ್ಸಿ ಹಿಡಿದು ಓಡಿ, ಹೆಣ್ಣಿನ ಕಡೆಯವರು ಬರುವಷ್ಟರಲ್ಲಿ ತಲೆಕೆಳಗಾಗಿದ್ದ ಫಲಕವನ್ನು ನೆಟ್ಟಗೆ ಮಾಡಿ ಬಂದರು. ವಾಪಸು ಬಂದು ನನ್ನನ್ನು ಬೈಯಲಿಲ್ಲ. "ಆಚಾರ್ರೆ, ನೀವು ಬೇರು ನೋಡಿದ್ದು ಸರಿಯೇ. ಆದರೆ ಅದು ಬೇರಲ್ಲ, ಗಂಡಿನ ಅಜ್ಜನ ಹೆಸರು" ಎಂದರು ಅಷ್ಟೆ. ಅಂದಿನಿಂದ ಕೊಕ್ಕೆ ಹೊಡೆಯುವ ಮೊದಲು ಓದಬಲ್ಲವನೊಬ್ಬನಿಗೆ ತೋರಿಸುವುದು ನಮ್ಮಲ್ಲಿ ಕಾಯಿದೆಯಾಯಿತು. ಗೊತ್ತಿಲ್ಲ ಎಂದು ಕೇಳುವುದರಲ್ಲಿ ಮಾನ ಹೋಗುವುದಿಲ್ಲ. ಕೇಳದಿದ್ದರೆ ಮದುವೆ ಮನೆಯಲ್ಲಿ ಹೋಗುತ್ತದೆ.

ವರ್ಷ ಕಳೆದಂತೆ ಕೆಲಸದ ರೀತಿ ಬದಲಾಯಿತು. ಕೈಗರಗಸ ಮೂಲೆ ಸೇರಿ, ಕಾಲಿನಲ್ಲಿ ಒತ್ತಿದರೆ ಮರ ತುಂಡಾಗುವ ಯಂತ್ರ ಬಂತು. ಕಂಟೇನರಿನಲ್ಲಿ ಚಿನ್ನದ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಪಟ್ಟಿಗಳು ಬಂದವು. ಹಮೀದಾಕನ ರೇಕಿಗೆ ಗಿರಾಕಿ ಕಡಿಮೆಯಾದರು. ಒಂಟೆ, ಗಿಡುಗ, ದೋಣಿಗಳ ಚಿತ್ರಗಳಿಗೆ ಆ ಪಟ್ಟಿ ಸಾಕಾಗುತ್ತಿತ್ತು. ಕೆಲಸ ಬೇಗ ಆಗುತ್ತಿತ್ತು, ನಾವೂ ಬೇಗ ಫರ್ವಾನಿಯಾದ ರೂಮು ಸೇರಿ ಮೀನು ಸಾರು ಮಾಡುತ್ತಿದ್ದೆವು. ಅದರಲ್ಲಿ ನನಗೇನೂ ಬೇಸರವಿರಲಿಲ್ಲ. ಹಳೆಯದೆಲ್ಲ ಹೊನ್ನು ಎನ್ನುವವನು ನಾನಲ್ಲ. ಕೈಗರಗಸದಲ್ಲಿ ಕೊಯ್ದು ನೋಯುವ ಭುಜ ಯಾರಿಗೆ ಬೇಕು?

ಹೀಗಿರುವಾಗ ಒಂದು ಬೆಳಿಗ್ಗೆ ಖಾಲಿದ್ ಎಂಬ ಕುವೈತಿ ದೊಡ್ಡ ಕಾರಿನ ಮೇಲೆ ಚಾದರದಲ್ಲಿ ಸುತ್ತಿದ ಚಿತ್ರವೊಂದನ್ನು ಕಟ್ಟಿಕೊಂಡು ಬಂದ. ನಲವತ್ತು ದಾಟಿದ, ಮೆಲುಮಾತಿನ ಸಜ್ಜನ. ಮುಂದಿನ ಸೀಟಿನಲ್ಲಿ ಅವನ ತಾಯಿ. ಕರಿ ಅಬಾಯ, ಕೈಯಲ್ಲಿ ಊರುಗೋಲು. ಅರಬರ ಪದ್ಧತಿಯಂತೆ ಎಲ್ಲರೂ ಅವರನ್ನು ಖಾಲಿದನ ತಾಯಿ, ಉಮ್ ಖಾಲಿದ್, ಎಂದೇ ಕರೆಯುತ್ತಿದ್ದರು. ಹಳೆ ಫ್ರೇಮಿಗೆ ಹುಳ ಹಿಡಿದಿದೆ, ಹೊಸದು ಹಾಕಬೇಕು, ಚಿತ್ರವನ್ನು ಮುಟ್ಟುವುದು ಬೇಡ ಎಂಬುದು ಖಾಲಿದನ ಆರ್ಡರ್.

ಚಾದರ ಬಿಚ್ಚಿದೆವು. ನಾನು ಅಷ್ಟು ವರ್ಷದಲ್ಲಿ ಅಂಥ ಚಿತ್ರ ಕಂಡಿರಲಿಲ್ಲ. ಕೆಳಗೆ ಬಲಮೂಲೆಯಲ್ಲಿ ಮಸಿಯಂಥ ಕತ್ತಲು. ಅದನ್ನು ಸೀಳಿಕೊಂಡು ಚಿನ್ನದ ರಥ ಎಡಕ್ಕೆ ನುಗ್ಗುತ್ತಿದೆ. ರಥದಲ್ಲಿ ಎಳೆ ಮೋರೆಯ ದೇವರು, ಹೆಗಲ ಮೇಲೆ ಹಾರುವ ಕೆಂಪು ವಸ್ತ್ರ, ಅದರ ಹೊರತು ಬಟ್ಟೆ ಎಂದು ಹೇಳುವಂಥದ್ದೇನೂ ಇಲ್ಲ. ತಲೆಯ ಸುತ್ತಿನಿಂದ ಬೆಳಕು ಸುರಿಯುತ್ತಿದೆ. ಮುಂದೆ ಕುದುರೆಗಳು, ಬಾಯಲ್ಲಿ ನೊರೆ, ಕಣ್ಣು ಹೊರಗೆ, ಕಾಲು ಮೋಡದ ಮೇಲೆ. ಹತ್ತಿರ ನಿಂತರೆ ಗಾಳಿ ಬೀಸಿದ ಹಾಗಾಗುತ್ತಿತ್ತು. ನನಗೆ ಗೊತ್ತಿಲ್ಲದೆಯೇ ಕೈ ಜೋಡಿಸಿದೆ.

"ಬರೋಕ್" ಎಂದರು ಉಸ್ತಾದ್, ಬಾಯಲ್ಲಿ ಬೆಲ್ಲ ಇಟ್ಟುಕೊಂಡವರ ಹಾಗೆ. ಮುನ್ನೂರು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ ಆ ಕಾಲ ನಡೆಯಿತಂತೆ. ಆಗಿನ ಚಿತ್ರಕಾರರಿಗೆ ಸುಮ್ಮನೆ ನಿಂತ ಮನುಷ್ಯ ಆಗುತ್ತಿರಲಿಲ್ಲವಂತೆ. ಎಲ್ಲ ಓಡಬೇಕು, ಹಾರಬೇಕು, ಕತ್ತಲಿನಿಂದ ಬೆಳಕು ಹಾರಿ ಬರಬೇಕು. ಈ ದೇವರು ಗ್ರೀಕರ ಅಪೊಲೊ, ಸೂರ್ಯನ ರಥ ಹೊಡೆಯುವವನು.

ಹಮೀದಾಕ ಚಿತ್ರವನ್ನು ಮೇಲಿನಿಂದ ಕೆಳಗೆ ನೋಡಿ ನನ್ನ ಕಿವಿಯಲ್ಲಿ ಹೇಳಿದರು. "ಇಷ್ಟು ಶ್ರೀಮಂತ ದೇವರು, ಚಿನ್ನದ ರಥ ಉಂಟು. ಒಂದು ಬನಿಯನ್ ಹಾಕ್ಲಿಕ್ಕೆ ಎಂತ ಆಗಿತ್ತು?"

"ಸೂರ್ಯನಿಗೆ ಸೆಕೆ ಆಗುದಿಲ್ವಾ ಹಮೀದಾಕ" ಎಂದೆ.

ಉಸ್ತಾದ್ ಮತ್ತು ಖಾಲಿದ್ ಫ್ರೇಮಿನ ನಮೂನೆ ನೋಡಲು ಒಳಗಿನ ಕೋಣೆಗೆ ಹೋದರು. ಉಮ್ ಖಾಲಿದ್ ಚಿತ್ರದ ಎದುರು ಕುರ್ಚಿಯಲ್ಲಿ ಕೂತರು. ನನ್ನನ್ನು ಕೈಸನ್ನೆ ಮಾಡಿ ಕರೆದು ಹಿಂದಿಯಲ್ಲಿ ಕೇಳಿದರು. ನಮ್ಮ ಮುರುಕು ಹಿಂದಿಯಲ್ಲ; ಹಳೆಯ ಬೊಂಬಾಯಿಯ ಚೊಕ್ಕ ಹಿಂದಿ.

"ಬೇಟಾ, ಯಾವ ಊರು?"

"ಮಂಗಳೂರಿನ ಹತ್ತಿರ, ಹಜ್ಜಾ" ಎಂದೆ, ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವ ಹಾಗೆ.

"ಮಂಗಳೂರು. ನಮ್ಮಪ್ಪನ ಹಡಗು ಅಲ್ಲಿಂದ ಹೆಂಚು ತರುತ್ತಿತ್ತು" ಎಂದು ನಕ್ಕರು. ಎಣ್ಣೆ ಸಿಗುವ ಮೊದಲು ಕುವೈತಿನ ವ್ಯಾಪಾರಿಗಳು ಬೊಂಬಾಯಿಯಲ್ಲಿ ಮನೆ ಮಾಡಿಕೊಂಡಿರುತ್ತಿದ್ದರು. ಇವರು ಬೆಳೆದದ್ದೂ ಅಲ್ಲೇ. ಊರು ಬಿಡುತ್ತಿದ್ದ ಯಾರೋ ಬಿಳಿ ದೊರೆಯ ಮನೆ ಸಾಮಾನು ಹರಾಜಾದಾಗ ಅಪ್ಪ ಈ ಚಿತ್ರ ತಂದರಂತೆ. ಹುಡುಗಿಯಾಗಿದ್ದಾಗ ದಿನಾ ಇದರ ಕೆಳಗೇ ಕೂತು ಹಾಲು ಕುಡಿಯುತ್ತಿದ್ದರಂತೆ. ಮದುವೆಯಾದಾಗ ಅವರ ಜೊತೆ ಇದೂ ಕುವೈತಿಗೆ ಬಂತು.

ಆಮೇಲೆ ಅವರು ದನಿ ತಗ್ಗಿಸಿದರು. "ಇದರಲ್ಲಿ ಒಬ್ಬಳು ಹುಡುಗಿ ಇದ್ದಳು. ಕುದುರೆಗಳ ಮುಂದೆ ಹೂವು ಎರಚುತ್ತ ಹೋಗುತ್ತಿದ್ದಳು. ಕುದುರೆ ಬಂದವೋ ಇಲ್ಲವೋ ಎಂದು ಹಿಂತಿರುಗಿ ನೋಡುತ್ತಿದ್ದಳು. ಈಗ ಇಲ್ಲ."

ನಾನು ಚಿತ್ರದ ಎಡತುದಿ ನೋಡಿದೆ. ಮೊದಲ ಕುದುರೆಯ ಮೂಗು ಚೌಕಟ್ಟಿಗೆ ತಾಗಿಕೊಂಡೇ ಇತ್ತು. ಅಲ್ಲಿ ಹುಡುಗಿ ಬಿಡಿ, ಒಂದು ಹೂವಿಗೂ ಜಾಗವಿರಲಿಲ್ಲ.

ಇರಾಕಿಗಳು ನುಗ್ಗಿದ ಸಮಯದಲ್ಲಿ ಅವರು ಬೊಂಬಾಯಿಯಲ್ಲಿದ್ದರು. ಯುದ್ಧ ಮುಗಿದು ವಾಪಸು ಬಂದಾಗ ಗಂಡ ಹಾಸಿಗೆ ಹಿಡಿದಿದ್ದರು, ಮನೆ ಅರ್ಧ ಸುಲಿಗೆಯಾಗಿತ್ತು, ಚಿತ್ರ ಮಾತ್ರ ಹೇಗೋ ಉಳಿದು ಬೇರೆ ಫ್ರೇಮಿನಲ್ಲಿ ಗೋಡೆಯ ಮೇಲಿತ್ತು. ಹುಡುಗಿ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಗಂಡ ತೀರಿಕೊಂಡರು. ಮಕ್ಕಳು "ಯಾವ ಹುಡುಗಿ, ಯುಮ್ಮಾ? ಕುದುರೆ ಮಾತ್ರ ಇದ್ದದ್ದು" ಎಂದರು. ವರ್ಷ ಕಳೆದು ಅವರಿಗೆ ವಯಸ್ಸಾಯಿತು. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುವುದು, ಇಂಥವೆಲ್ಲ ಎಲ್ಲರಿಗೂ ಆಗುವಂತೆ ಅವರಿಗೂ ಆದವು. ಆದರೆ ಮನೆಯವರು ಇವನ್ನೆಲ್ಲ ಆ ಇಲ್ಲದ ಹುಡುಗಿಯ ಜೊತೆ ಸೇರಿಸಿ ನೋಡಿದರು. ಅಮ್ಮನಿಗೆ ಬುದ್ಧಿ ಮಸುಕಾಗುತ್ತಿದೆ ಎಂದು ತೀರ್ಮಾನವಾಯಿತು. ಈಗ ಒಬ್ಬರೇ ತಂಗಿಯ ಮನೆಗೆ ಹೋಗುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಏನು ಹೇಳಿದರೂ ಎಲ್ಲರೂ ಪ್ರೀತಿಯಿಂದ ತಲೆಯಾಡಿಸುತ್ತಾರೆ, ಯಾರೂ ಕೇಳುವುದಿಲ್ಲ.

"ಬೈದರೆ ಸಹಿಸಬಹುದು ಬೇಟಾ. ಆ ತಲೆಯಾಡಿಸುವುದನ್ನು ಸಹಿಸಲಾರೆ" ಎಂದರು. "ಬಿಚ್ಚಿದಾಗ ನೋಡು. ಹುಡುಗಿ ಇಲ್ಲದಿದ್ದರೆ ನನಗೆ ನಿಜ ಹೇಳು. ಆಗ ನಾನೂ ಒಪ್ಪಿಕೊಳ್ಳುತ್ತೇನೆ. ಮಕ್ಕಳು ಹೇಳಿದ ಹಾಗೆ ಕೂತಿರುತ್ತೇನೆ."

ನಾನು ಏನು ಮಾಡಿದೆ? ನಾನೂ ತಲೆಯಾಡಿಸಿದೆ. ಅವರು ಹೋದ ಮೇಲೆ ಹಮೀದಾಕನಿಗೆ ಸಂಗತಿ ಹೇಳಿ, "ಪಾಪ, ಪ್ರಾಯ ಆದ್ರೆ ಹಾಗೇ" ಎಂದೆ. ಅವರೂ "ಹೌದು ಮಾರಾಯ್ರೆ" ಎಂದರು. ಅಲ್ಲಿಗೆ ಹುಡುಗಿಯ ವಿಷಯ ಖಲಾಸ್.

ನನ್ನ ತಲೆಯಲ್ಲಿ ಕೂತದ್ದು ಬೇರೆಯೇ ವಿಷಯ. ಮಧ್ಯಾಹ್ನ ಊಟದ ಡಬ್ಬಿ ತೆರೆದು ಚಿತ್ರ ನೋಡುತ್ತ ಕುದುರೆ ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ನಾಲ್ಕೇ.

"ಹಮೀದಾಕ, ಇದರಲ್ಲಿ ಮೂರು ಕುದುರೆ ಕಮ್ಮಿ ಉಂಟು."

"ಎಂತದು?"

"ಸೂರ್ಯನ ರಥಕ್ಕೆ ಏಳು ಕುದುರೆ. ಇದು ಸಣ್ಣ ಮಕ್ಕಳಿಗೂ ಗೊತ್ತುಂಟು. ರಥಸಪ್ತಮಿಗೆ ನಮ್ಮ ಅಮ್ಮ ಅಂಗಳದಲ್ಲಿ ರಂಗೋಲಿ ಹಾಕುವಾಗ ಏಳು ಗೆರೆ ಎಳಿತಿದ್ರು. ನಾಲ್ಕು ಹೇಗೆ ಆಗ್ತದೆ?"

"ನಿಮ್ಮ ಸೂರ್ಯನಿಗೆ ಏಳು. ಇವರ ಸೂರ್ಯನಿಗೆ ನಾಲ್ಕು ಸಾಕಾಗ್ತದೋ ಏನೋ. ತಂಪು ದೇಶ ಅಲ್ವಾ?"

"ಸೂರ್ಯ ಎಷ್ಟು ಉಂಟು ಹಮೀದಾಕ? ಒಂದೇ ಅಲ್ವಾ. ಇಲ್ಲಿ ಏಳು, ಅಲ್ಲಿ ನಾಲ್ಕು ಅಂತ ಗಡಿಯಲ್ಲಿ ಕುದುರೆ ಬಿಚ್ಚಿ ಕಟ್ತಾನಾ?"

ಇಬ್ಬರೂ ಬಿಡಲಿಲ್ಲ. ಪಂಥ ಕಟ್ಟಿಕೊಂಡೆವು. ಮೂರು ಕುದುರೆ ಇದ್ದರೆ ಅವರು, ಇಲ್ಲದಿದ್ದರೆ ನಾನು, ಶುಕ್ರವಾರ ಮೀನೂಟ ಹಾಕಿಸಬೇಕು.

ಮರುದಿನ ಬೆಳಿಗ್ಗೆ ಹಳೆ ಫ್ರೇಮ್ ಬಿಚ್ಚುವ ಕೆಲಸ. ಎಲ್ಲ ಫ್ರೇಮಿನವರೂ ಮಾಡುವ ಕ್ರಮ ಎಂದರೆ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಚಿತ್ರವನ್ನು ಮೋರೆ ಕೆಳಗೆ ಮಾಡಿ ಮಲಗಿಸಿ, ಬೆನ್ನಿನ ಕಡೆಯಿಂದ ಮೊಳೆ ಕೀಳುವುದು. ನನ್ನಿಂದ ಅದಾಗಲಿಲ್ಲ. ಗ್ರೀಕನೋ ಮತ್ತೊಬ್ಬನೋ, ಸೂರ್ಯದೇವರನ್ನು ಕವುಚಿ ಹಾಕುವುದೇ? ಅದೂ ಬೆಳಗಿನ ಹೊತ್ತು. ಚಪ್ಪಲಿ ಕಳಚಿ, ಚಿತ್ರವನ್ನು ನಿಲ್ಲಿಸಿಯೇ ಕೆಲಸ ಮಾಡುತ್ತೇನೆ ಎಂದೆ. ಉಸ್ತಾದ್ ಕಣ್ಣು ಕೆಂಪು ಮಾಡಿದರು.

"ಸದನ್, ರೋಮಿನಲ್ಲಿ ಪೋಪರ ಚಿತ್ರವನ್ನೂ ಕವುಚಿ ಹಾಕುತ್ತೇವೆ."

"ಅವರು ಮನುಷ್ಯರು, ಉಸ್ತಾದ್. ಇವರು ನಾಳೆ ಹುಟ್ಟದಿದ್ದರೆ ಏನು ಮಾಡುವುದು?"

ಅವರು ಕೈ ಎತ್ತಿ, "ಯಲ್ಲಾ, ನಿಲ್ಲಿಸಿಕೋ. ಶೂ ಮಾತ್ರ ಹಾಕು, ಮೊಳೆ ಬೀಳುತ್ತದೆ" ಎಂದು ಹೋದರು.

ನಿಲ್ಲಿಸಲು ಜಾಗ ಬೇಕಿತ್ತು. ಪೂರ್ವಕ್ಕೆ ತೆರೆಯುವ ಶಟರಿನ ಬಾಗಿಲಲ್ಲಿ ಹಲಗೆ ಇಟ್ಟು ಕೊಯ್ಯುವ ಎರಡು ಮರದ ಕುದುರೆಗಳ ನಡುವೆ ಚಿತ್ರವನ್ನು ಕಟ್ಟಿ ನಿಲ್ಲಿಸಿದೆ. ದೇವರ ಮೋರೆ ಒಳಗೆ, ಬೆನ್ನು ಬೀದಿಗೆ. ಬೆನ್ನಿಗೆ ಧೂಳು ತಾಗದಂತೆ ಯಾರೋ ತೆಳು ಬಟ್ಟೆಯೊಂದನ್ನು ಬಡಿದಿದ್ದರು. ಹುಳ ಹಿಡಿದ ಫ್ರೇಮನ್ನು ಕಳಚಿ ಪಕ್ಕಕ್ಕಿಟ್ಟೆ. ಚಿತ್ರ ತನ್ನ ಒಳಚೌಕಟ್ಟಿನೊಂದಿಗೆ ಮಾತ್ರ ಉಳಿಯಿತು. ಆ ಹೊತ್ತಿಗೆ ಎದುರಿನ ಗೋದಾಮಿನ ಮಾಡಿನ ಮೇಲೆ ನಿಜವಾದ ಸೂರ್ಯ ಬಂದ. ಅವನ ಬಿಸಿಲು ನೇರ ಚಿತ್ರದ ಬೆನ್ನಿಗೆ ಬಿತ್ತು.

ನಾನು ಒಳಗೆ ನಿಂತು ನೋಡಿದೆ. ಹಳೆಯ ಕ್ಯಾನ್ವಾಸಿನ ನೂರಾರು ಬಿರುಕುಗಳಲ್ಲಿ ಬೆಳಕು ತೂರಿ ಇಡೀ ಚಿತ್ರ ಕೆಂಡದಂತೆ ಮಿನುಗುತ್ತಿತ್ತು. ಬಲತುದಿಯಲ್ಲಿ ಒಳಚೌಕಟ್ಟಿನ ಮರವಿದ್ದಲ್ಲಿ ನಾಲ್ಕು ಬೆರಳು ಅಗಲ ಕಪ್ಪು. ಮೇಲೆ ಕೆಳಗೆ ಅಷ್ಟೇ. ಎಡತುದಿಯಲ್ಲಿ ಮಾತ್ರ ಮೊಣಕೈಯಿಂದ ಬೆರಳಿನ ತುದಿಯವರೆಗೆ ಕಪ್ಪು. ಮರ ಅಷ್ಟು ಅಗಲ ಇರಲು ಸಾಧ್ಯವಿಲ್ಲ. ಅಲ್ಲಿ ಬಟ್ಟೆ ಎರಡು ಪದರ ಇತ್ತು. ಕ್ಯಾನ್ವಾಸನ್ನು ಹಿಂದಕ್ಕೆ ಮಡಚಿದ್ದರು.

"ಹಮೀದಾಕ, ಬನ್ನಿ. ನಿಮ್ಮ ಮೀನೂಟ ತಯಾರಾಯ್ತು. ಮೂರು ಕುದುರೆಯೂ ಇಲ್ಲೇ ಉಂಟು" ಎಂದು ಕೂಗಿದೆ.

ಇಡೀ ವರ್ಕ್‌ಶಾಪು ಬಂದು ನಿಂತಿತು. ಉಸ್ತಾದ್ ಬಂದು ಕಪ್ಪು ಪಟ್ಟಿಯನ್ನು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಅವರಿಗೆ ಸಂಗತಿ ಅರ್ಥವಾಯಿತು. ಯುದ್ಧದ ಬಳಿಕ ದೊಡ್ಡ ಮರ ಸಿಗುತ್ತಿರಲಿಲ್ಲ. ಯಾವನೋ ಫ್ರೇಮಿನವನು ತನ್ನಲ್ಲಿದ್ದ ಸಣ್ಣ ಒಳಚೌಕಟ್ಟಿಗೆ ಹೊಂದಿಸಲು ಉಳಿದದ್ದನ್ನು ಹಿಂದಕ್ಕೆ ಮಡಚಿ ಬಟ್ಟೆ ಹೊಡೆದುಬಿಟ್ಟಿದ್ದಾನೆ. ಕತ್ತರಿಸಲಿಲ್ಲವಲ್ಲ, ಅವನ ಹೊಟ್ಟೆ ತಂಪಾಗಿರಲಿ. ಉಸ್ತಾದ್ ಕೂಡಲೇ ಖಾಲಿದನಿಗೆ ಫೋನ್ ಮಾಡಿದರು. ಗಿರಾಕಿಯ ಒಪ್ಪಿಗೆಯಿಲ್ಲದೆ ಒಂದು ಮೊಳೆಯನ್ನೂ ಅವರು ಹೆಚ್ಚಿಗೆ ಕೀಳುವವರಲ್ಲ.

"ಒಳಗೆ ಏನಿದೆ?" ಎಂದು ಖಾಲಿದ್ ಕೇಳಿದನಂತೆ.

"ನಮ್ಮ ಸದನ್ ಮೂರು ಕುದುರೆ ಎನ್ನುತ್ತಾನೆ."

ಖಾಲಿದ್ ನಕ್ಕನಂತೆ. "ಬಿಚ್ಚಿ. ಕುದುರೆ ಎಷ್ಟಿದ್ದರೂ ಒಳ್ಳೆಯದೇ. ನನ್ನ ತಾಯಿಗೆ ಮಾತ್ರ ಹೇಳಬೇಡಿ. ಸುಮ್ಮನೆ ಏನೇನೋ ಆಸೆ ಕಟ್ಟಿಕೊಳ್ಳುತ್ತಾರೆ."

ಫೋನಿನ ಆ ಮಾತನ್ನು ಉಸ್ತಾದ್ ನಮಗೆ ಹೇಳಿದಾಗಲೂ ನನಗೆ ಹೊಳೆಯಲಿಲ್ಲ. ನನ್ನ ಕಣ್ಣಲ್ಲಿ ಇದ್ದದ್ದು ಕುದುರೆ.

ಮಡಚಿದ ಹಳೆ ಚಿತ್ರವನ್ನು ಚಾಪೆ ಬಿಡಿಸಿದ ಹಾಗೆ ಬಿಡಿಸಲಾಗದು. ಬಣ್ಣ ಹಪ್ಪಳದಂತೆ ಒಡೆಯುತ್ತದೆ. ಇಲ್ಲಿ ಉಸ್ತಾದರ ರೋಮ್ ನಿಜಕ್ಕೂ ಉಪಯೋಗಕ್ಕೆ ಬಂತು. ಮಡಿಕೆಯ ಮೇಲೆ ನೀರು ಹೀರಿದ ಒತ್ತುಕಾಗದ ಇಟ್ಟು, ಬಟ್ಟೆ ಮೆತ್ತಗಾದಷ್ಟೇ ತೆರೆದು, ಅದರ ಮೇಲೆ ಗಾಜಿನ ಹಲಗೆಯ ಭಾರ ಹೇರಿ, ಮತ್ತೆ ಒದ್ದೆ ಮಾಡಿ ಮತ್ತೆ ತೆರೆಯಬೇಕು. ಯಂತ್ರ ಬಂದಿದ್ದ ಕಾಲದಲ್ಲಿ ಹೀಗೆ ಬೆರಳಗಲ ಬೆರಳಗಲ ಕೆಲಸ ಮಾಡುವುದು ನಮಗೆಲ್ಲ ಮರೆತೇ ಹೋಗಿತ್ತು. ಆ ದಿನಗಳಲ್ಲಿ ನಾನು ಬೆಳಗಾಗುವುದನ್ನೇ ಕಾಯುತ್ತಿದ್ದೆ. ಫರ್ವಾನಿಯಾದಿಂದ ಬಸ್ಸು ಹತ್ತಿದರೆ, ಇವತ್ತು ಯಾವ ಕುದುರೆಯ ಮೋರೆ ಕಾಣುತ್ತದೆಯೋ ಎಂಬ ಯೋಚನೆ. ಎಷ್ಟೋ ವರ್ಷಗಳ ಬಳಿಕ ಕೆಲಸಕ್ಕೆ ಹೋಗುವುದು ಹಬ್ಬಕ್ಕೆ ಹೋದ ಹಾಗೆ ಅನ್ನಿಸುತ್ತಿತ್ತು.

ಮೊದಲು ನಸುನೀಲಿ ಆಕಾಶ ಬಂತು. ಆಮೇಲೆ ಹೂವು.

"ಕುದುರೆಯ ಕೊರಳ ಹಾರ" ಎಂದೆ.

ಮರುದಿನ ಕೆಳಗಡೆ ಮೋಡದ ಮೇಲೆ ಏನೋ ನಸುಗೆಂಪಗೆ ಕಂಡಿತು.

"ಗೊರಸು" ಎಂದೆ. "ನೋಡಿ, ಐದನೇ ಕುದುರೆ ಬಂತು."

ಹಮೀದಾಕ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಆಚಾರ್ರೆ, ಗೊರಸಿಗೆ ಐದು ಬೆರಳು ಉಂಟಾ?"

ನಾನೂ ಬಗ್ಗಿದೆ. ಬೆರಳುಗಳಿದ್ದವು. ಪುಟ್ಟ ಬರಿಗಾಲು. ಅದರ ಮೇಲೆ ಗಾಳಿಗೆ ಹಾರುವ ಹಳದಿ ಲಂಗದ ಅಂಚು.

"ಕುದುರೆ ಬಿಡಿ ಮಾರಾಯ್ರೆ" ಎಂದರು ಹಮೀದಾಕ. "ಆ ಹಜ್ಜಾ ಹೇಳಿದ ಹುಡುಗಿ ಇದು."

ಅವರು ಕುರ್ಚಿಯಲ್ಲಿ ಕೂತು ಹೇಳಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಉಸ್ತಾದರ ಬಳಿಗೆ ಹೋಗಿ ಎಲ್ಲ ಹೇಳಿದೆ. ಹುಡುಗಿಯ ವಿಷಯ, ಮನೆಯವರ ತಲೆಯಾಡಿಸುವಿಕೆ, ಹುಡುಗಿ ಇಲ್ಲದಿದ್ದರೆ ಒಪ್ಪಿಕೊಂಡು ಕೂರುತ್ತೇನೆ ಎಂದದ್ದು. ಉಸ್ತಾದ್ ಎದ್ದು ಬಂದು ಆ ಪುಟ್ಟ ಕಾಲನ್ನು ಬಗ್ಗಿ ನೋಡಿದರು. ಕೊನೆಗೆ, "ಖಾಲಿದನಿಗೆ ಫೋನಿನಲ್ಲಿ ಹೇಳುವ ವಿಷಯವಲ್ಲ ಇದು. ಪೂರ್ತಿ ಬಿಡಿಸಿ ಹೊಸ ಮರಕ್ಕೆ ಎಳೆದು ಕಟ್ಟೋಣ. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕರೆಸುತ್ತೇನೆ" ಎಂದರು. ಗ್ರೀಕರ ಕಥೆಯಲ್ಲಿ ಸೂರ್ಯನ ಮುಂದೆ ಉಷೆ ಹೂವು ಎರಚುತ್ತ ಹೋಗುತ್ತಾಳೆ ಎಂದು ಅವರೇ ಹೇಳಿದರು. ಅವರಲ್ಲಿ ರಥಕ್ಕೆ ನಾಲ್ಕೇ ಕುದುರೆಯಂತೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀನು ನನ್ನನ್ನು ಕೇಳಿದೆಯಾ?" ಎಂದರು. ಮೀನೂಟ ನಾನೇ ಹಾಕಿಸಿದೆ. ಅಷ್ಟು ಸಂತೋಷದಿಂದ ನಾನು ಯಾವ ಪಂಥವನ್ನೂ ಸೋತಿಲ್ಲ.

ಮಡಿಕೆಯ ಗೆರೆಯುದ್ದಕ್ಕೂ ಉದುರಿದ ಬಣ್ಣವನ್ನು ಉಸ್ತಾದ್ ತಾವೇ ತುಂಬಿದರು. ಹೊಸ ಫ್ರೇಮಿಗೆ ಪ್ಲಾಸ್ಟಿಕ್ ಪಟ್ಟಿ ಬೇಡ ಎಂದು ಅವರೇ ಹೇಳಿದರು. ನಾನು ಮೂಲೆ ಕೂಡಿಸಿದೆ, ಹಮೀದಾಕ ರೇಕು ಹಚ್ಚಿದರು.

ತಾಯಿ ಮಗ ಬಂದ ದಿನ ಚಿತ್ರವನ್ನು ಗೋಡೆಗೆ ಒರಗಿಸಿ ಚಾದರ ಮುಚ್ಚಿದ್ದೆವು. ಖಾಲಿದ್ ಗಡಿಬಿಡಿಯಲ್ಲಿದ್ದ. ಉಮ್ ಖಾಲಿದ್ ಒಳಗೆ ಬಂದವರು ಮೊದಲು ನೋಡಿದ್ದು ಚಿತ್ರವನ್ನಲ್ಲ, ನನ್ನ ಮುಖವನ್ನು. ನಿಜ ಹೇಳುತ್ತಾನೋ ಸುಳ್ಳು ಹೇಳುತ್ತಾನೋ ಎಂದು ಅಳೆಯುವ ನೋಟ. ಹೋಗಿ ಚಾದರ ಎಳೆದೆ.

ಎಡಗಡೆ, ಕುದುರೆಗಳ ಮುಂದೆ, ಹಳದಿ ಲಂಗದ ಹುಡುಗಿ ಮೋಡದ ಮೇಲೆ ಬರಿಗಾಲಲ್ಲಿ ಓಡುತ್ತಿದ್ದಳು. ಮಡಿಲ ತುಂಬ ಹೂವು. ಒಂದು ಕೈ ಎರಚುತ್ತಿದೆ. ಮುಖ ಹಿಂದಕ್ಕೆ ತಿರುಗಿದೆ. ಕುದುರೆ ಬಂದವೋ ಇಲ್ಲವೋ ಎಂದು ನೋಡುತ್ತಿದ್ದಾಳೆ.

ಉಮ್ ಖಾಲಿದ್ ಅಳಲಿಲ್ಲ. ಊರುಗೋಲನ್ನು ನನ್ನ ಕೈಗೆ ಕೊಟ್ಟು, ತಾವೇ ನಡೆದು ಹೋಗಿ ಚಿತ್ರದ ಹತ್ತಿರ ನಿಂತರು. ಹುಡುಗಿಯ ಮುಖವನ್ನು ದಿಟ್ಟಿಸಿ ಹಿಂದಿಯಲ್ಲೇ ಕೇಳಿದರು.

"ಎಲ್ಲಿಗೆ ಹೋಗಿದ್ದೆ? ನನ್ನನ್ನು ಎಲ್ಲರೂ ಹುಚ್ಚಿ ಎಂದುಬಿಟ್ಟರು."

ಅವರ ಗಂಟಲಿನಲ್ಲಿ ನಗು ಇತ್ತು. ಹಮೀದಾಕ ಮುಂಡಾಸಿನ ತುದಿಯಿಂದ ಕಣ್ಣು ಒರೆಸಿಕೊಂಡು, ಮರದ ಹೊಟ್ಟು ಬಿತ್ತು ಎಂದರು. ಯಾರೂ ಅವರನ್ನು ಕೇಳಿರಲಿಲ್ಲ.

ಖಾಲಿದ್ ಬಾಗಿಲ ಬಳಿಯೇ ನಿಂತಿದ್ದ. ಚಿತ್ರ ನೋಡಿದ, ತಾಯಿಯನ್ನು ನೋಡಿದ. "ನಾನು ಚಿಕ್ಕವನಿದ್ದಾಗ ಬರೀ ಕುದುರೆಯನ್ನೇ ನೋಡುತ್ತಿದ್ದೆ" ಎಂದು ಯಾರಿಗೋ ಹೇಳುವಂತೆ ಹೇಳಿದ. ಆಮೇಲೆ ಒಳಗೆ ಬಂದು, ಬಿಳಿ ದಿಶ್‌ದಾಶಾ ನಿಲುವಂಗಿ ಮಾಸುತ್ತದೆ ಎಂಬ ಪರಿವೆಯೂ ಇಲ್ಲದೆ, ಹೊಟ್ಟು ಬಿದ್ದ ನೆಲದ ಮೇಲೆ ತಾಯಿಯ ಕಾಲ ಬಳಿ ಕೂತ.

"ಯುಮ್ಮಾ" ಎಂದ. "ನೀನು ಹೇಳಿದ್ದರಲ್ಲಿ ನಾವು ಕೇಳದೆ ಬಿಟ್ಟದ್ದು ಇನ್ನೇನೇನಿದೆ?"

ಅವರು ಅವನ ತಲೆಯ ಮೇಲೆ ಕೈಯಿಟ್ಟು, ಕುರ್ಚಿ ತರಿಸಿಕೊಂಡು ಹಾಯಾಗಿ ಕೂತರು. "ತುಂಬಾ ಇದೆ. ಬೊಂಬಾಯಿಯಿಂದಲೇ ಶುರು ಮಾಡಬೇಕು. ಹೊತ್ತಿದೆಯಾ?"

"ಇದೆ" ಎಂದ ಖಾಲಿದ್.

ಅವರು ಮಾತು ಶುರು ಮಾಡಿದರು, ನಾವೂ ಸುತ್ತ ನೆಲದ ಮೇಲೆ ಕೂತೆವು. ಒಳಗೆ ಯಾರೋ ಮರ ಕೊಯ್ಯುತ್ತಿದ್ದ ಸದ್ದಿಗೆ ಅವರ ದನಿ ಸರಿಯಾಗಿ ಕೇಳುತ್ತಿರಲಿಲ್ಲ. ಉಸ್ತಾದ್ ತಾವೇ ಎದ್ದು ಹೋಗಿ ಯಂತ್ರದ ಸ್ವಿಚ್ ಆಫ್ ಮಾಡಿ ಬಂದು, ನಮ್ಮ ಜೊತೆ ನೆಲದ ಮೇಲೆ ಕೂತರು.